ದಿನ ಓಡಿಸುವ ಕಾರಿಗೆ ರೇಸಿಂಗ್ ಸೀಟು: ಸ್ಪಾರ್ಕೊ ಆರ್100, ಸ್ಪ್ರಿಂಟ್ ಮತ್ತು ಅವುಗಳ ಅಡಿಯ ಫ್ರೇಮು

ಸ್ಪಾರ್ಕೊ ಆರ್100, ಸ್ಪಾರ್ಕೊ ಸ್ಪ್ರಿಂಟ್ ಎರಡೂ ಇಟಲಿಯ ಒಂದೇ ಕಂಪನಿಯ ಸೀಟುಗಳು. ಎರಡರ ಒಳಗೂ ಉಕ್ಕಿನ ಪೈಪಿನ ಚೌಕಟ್ಟಿದೆ. ಫೋಟೊದಲ್ಲಿ ಅಣ್ಣತಮ್ಮಂದಿರ ಹಾಗೆ ಕಂಡರೂ ಕಾರಿನೊಳಗೆ ಇವುಗಳ ದಾರಿ ಬೇರೆ ಬೇರೆ. ಆರ್100ರ ಬೆನ್ನು ಹಿಂದಕ್ಕೆ ಬಾಗುತ್ತದೆ, ಬೋಲ್ಟುಗಳು ತಳದಿಂದ ಹತ್ತುತ್ತವೆ, ಕಾರ್ ರೇಸುಗಳ ಜಾಗತಿಕ ಸಂಸ್ಥೆಯಾದ ಎಫ್‌ಐಎಯ ಮಾನ್ಯತೆ ಇಲ್ಲ. ಸ್ಪ್ರಿಂಟ್ ಬೆನ್ನು ಬಾಗದ, ಮೈಯನ್ನು ಎರಡೂ ಪಕ್ಕ ಹಿಡಿದಿಡುವ ಬಕೆಟ್ ಸೀಟು. ಅದನ್ನು ಎರಡು ಪಕ್ಕದ ಬ್ರಾಕೆಟ್‌ಗಳ ನಡುವೆ ಹಿಡಿದು ಬಿಗಿಯಬೇಕು, ಅದಕ್ಕೆ ರೇಸ್ ಸೀಟುಗಳ ಎಫ್‌ಐಎ ಮಾನದಂಡವಾದ 8855-1999ರ ಮಾನ್ಯತೆ ಇದೆ.

ಆಫೀಸು, ಸಂತೆ, ಊರು ಅಂತ ದಿನವೂ ಓಡುವ ಕಾರಿಗೆ ಆರ್100 ಸರಿ. ಸ್ಪ್ರಿಂಟ್ ಒಳ್ಳೆಯ ಸೀಟೇ. ಆದರೆ ಅದು ರೋಲ್ ಕೇಜ್ (ಕಾರು ಮಗುಚಿದರೆ ಚಾವಣಿ ಕುಸಿಯದಂತೆ ತಡೆಯುವ ಉಕ್ಕಿನ ಪಂಜರ) ಇರುವ, ಆರು ಪಟ್ಟಿಯ ಹಾರ್ನೆಸ್ (ರೇಸಿನ ಬೆಲ್ಟು) ಕಟ್ಟುವ, ಹೆಲ್ಮೆಟ್ ಹಾಕಿ ಓಡಿಸುವ ಕಾರಿಗಾಗಿ ಹುಟ್ಟಿದ್ದು. ‘ಎಫ್‌ಐಎ ಚೀಟಿ ಇದೆ, ಹಾಗಾಗಿ ರಸ್ತೆಯಲ್ಲೂ ಇದೇ ಹೆಚ್ಚು ಸುರಕ್ಷಿತ’ ಎಂದು ಅಂಗಡಿಯಲ್ಲಿ ಹೇಳಿದರೆ ಒಪ್ಪಬೇಡಿ. ಕಾರಣ ಬೆಲ್ಟಿನಲ್ಲಿದೆ.

ಕಾರಿನ ಜೊತೆ ಬಂದ ಮೂರು ಪಾಯಿಂಟಿನ ಬೆಲ್ಟಿನ ಸೊಂಟದ ಪಟ್ಟಿ ಹೊಟ್ಟೆಯ ಮೇಲಲ್ಲ, ಎರಡೂ ಕಡೆಯ ಸೊಂಟದ ಮೂಳೆಯ ಮೇಲೆ ಕೂರಬೇಕು. ಸ್ಪ್ರಿಂಟ್‌ನಂಥ ಬಕೆಟ್‌ನಲ್ಲಿ ತೊಡೆಯ ಪಕ್ಕದ ಗೋಡೆ ಎತ್ತರ. ಪಟ್ಟಿ ಆ ಗೋಡೆಯ ಅಂಚು ಹತ್ತಿ ಇಳಿಯುತ್ತದೆ, ಅಂಚಿಗೂ ಮೂಳೆಗೂ ನಡುವೆ ಖಾಲಿ ಜಾಗ ಉಳಿಯುತ್ತದೆ. ಡಿಕ್ಕಿಯಾದಾಗ ದೇಹ ಮೊದಲು ಆ ಖಾಲಿ ಜಾಗವನ್ನು ದಾಟುತ್ತದೆ, ಆಮೇಲೆ ಪಟ್ಟಿ ಮೂಳೆ ಬಿಟ್ಟು ಹೊಟ್ಟೆಗೆ ಏರುತ್ತದೆ. ಕರುಳು, ಯಕೃತ್ತಿಗೆ ಪೆಟ್ಟು ಬೀಳುವುದು ಹೀಗೆ. ಮೇಲೆ ಭುಜದ ಹತ್ತಿರವೂ ಇದೇ ಕಥೆ: ಬಕೆಟ್‌ನ ಭುಜದ ರೆಕ್ಕೆ ಪಟ್ಟಿಯನ್ನು ಎದೆಯಿಂದ ದೂರ ಎತ್ತಿ ಹಿಡಿಯುತ್ತದೆ. ಆರ್100ರಲ್ಲಿ ತೊಡೆಯ ಪಕ್ಕದ ದಿಂಬು ಅಷ್ಟು ಎತ್ತರವಿಲ್ಲ, ಒತ್ತಿದರೆ ಬಗ್ಗುತ್ತದೆ, ಪಟ್ಟಿ ಮೂಳೆಗೆ ತಾಗುತ್ತದೆ. ಕೊಳ್ಳುವ ಮೊದಲೇ ಪರೀಕ್ಷೆ ಮಾಡಬಹುದು. ಸೀಟಿನಲ್ಲಿ ಪೂರ್ತಿ ಹಿಂದಕ್ಕೆ ಕೂತು, ಒಂದು ಉದ್ದನೆಯ ಪಟ್ಟಿಯನ್ನು ಬೆಲ್ಟಿನ ಹಾಗೆ ಸೊಂಟದ ಮೇಲೆ ಎಳೆದು ಹಿಡಿಯಿರಿ. ಪಟ್ಟಿಗೂ ಸೊಂಟದ ಮೂಳೆಗೂ ನಡುವೆ ಎರಡು ಬೆರಳು ಸಲೀಸಾಗಿ ತೂರಿದರೆ ಆ ಸೀಟು ನಿಮ್ಮ ಬೆಲ್ಟಿಗೆ ಹೊಂದುವುದಿಲ್ಲ.

‘ಹಾಗಾದರೆ ನಾಲ್ಕು ಪಟ್ಟಿಯ ಹಾರ್ನೆಸ್ ಹಾಕಿದರಾಯಿತು’ ಎನ್ನುವವರಿದ್ದಾರೆ. ರೋಲ್ ಕೇಜ್ ಇಲ್ಲದ ಕಾರಿನಲ್ಲಿ ಇದು ಇನ್ನೂ ಅಪಾಯ. ಕಾರು ಮಗುಚಿ ಚಾವಣಿ ಕುಸಿದರೆ ಮಾಮೂಲಿ ಬೆಲ್ಟಿನಲ್ಲಿ ಮೈ ಪಕ್ಕಕ್ಕೆ ವಾಲಲು ಜಾಗವಿರುತ್ತದೆ. ಹಾರ್ನೆಸ್ ನಿಮ್ಮನ್ನು ಕಂಬದ ಹಾಗೆ ನೆಟ್ಟಗೆ ಕಟ್ಟಿ ಕೂರಿಸುತ್ತದೆ. ತೊಡೆ ಸಂದಿಯ ಪಟ್ಟಿ ಇಲ್ಲದ ನಾಲ್ಕು ಪಟ್ಟಿಯದರಲ್ಲಿ ಭುಜದ ಪಟ್ಟಿಗಳು ಬಿಗಿಯಾದಂತೆ ಸೊಂಟದ ಪಟ್ಟಿಯನ್ನೇ ಹೊಟ್ಟೆಗೆ ಎಳೆಯುತ್ತವೆ. ಭುಜದ ಪಟ್ಟಿಯನ್ನು ಹಿಂದಿನ ಸೀಟಿನ ಕೆಳಗಿನ ಬೋಲ್ಟಿಗೆ ಕಡಿದಾಗಿ ಇಳಿಸಿ ಕಟ್ಟಿದರೆ ಡಿಕ್ಕಿಯಲ್ಲಿ ಅದು ಬೆನ್ನುಮೂಳೆಯನ್ನು ಕೆಳಕ್ಕೆ ಅದುಮುತ್ತದೆ. ಬಾಗುವ ಸೀಟಿನ ಭುಜದ ಬಳಿ ಕಿಂಡಿ ಇದ್ದ ಮಾತ್ರಕ್ಕೆ ಅದು ಹಾರ್ನೆಸ್ ಸೀಟಾಗುವುದಿಲ್ಲ.

ಇನ್ನು ಅಡಿಯ ಫ್ರೇಮು. ಸೀಟಿಗೆ ಸಾವಿರಾರು ರೂಪಾಯಿ ಸುರಿದು, ಅದನ್ನು ಹೊತ್ತು ಕೂರುವ ಫ್ರೇಮನ್ನು ಪಕ್ಕದ ಗ್ರಿಲ್ ವೆಲ್ಡಿಂಗ್ ಅಂಗಡಿಯಲ್ಲಿ ಕಬ್ಬಿಣದ ಪಟ್ಟಿ ಬಗ್ಗಿಸಿ ಮಾಡಿಸುವುದು ಮೂಗಿಗಿಂತ ಮೂಗುತಿ ಭಾರವಾದಂತೆ. ಬಹುತೇಕ ಕಾರುಗಳಲ್ಲಿ ಬೆಲ್ಟಿನ ಬಕಲ್ ಕಾರ್ಖಾನೆಯ ಸೀಟಿಗೇ ಕಚ್ಚಿಕೊಂಡಿರುತ್ತದೆ. ಆ ಸೀಟು ತೆಗೆದ ಕ್ಷಣ ಬಕಲ್ ಕೂಡ ಹೊರಬರುತ್ತದೆ, ಹೊಸ ಫ್ರೇಮಿನ ಮೇಲೆ ಅದಕ್ಕೆ ಜಾಗ ಬೇಕು. ಅಂದರೆ ಡಿಕ್ಕಿಯಲ್ಲಿ ಮನುಷ್ಯನ ಎಳೆತದ ದೊಡ್ಡ ಪಾಲು ಈ ಫ್ರೇಮಿನ ಮೇಲೆ ಬೀಳುತ್ತದೆ. ಎಷ್ಟು ಅಂತೀರಾ? ಬೆಲ್ಟಿನ ಆಧಾರಗಳನ್ನು ಪರೀಕ್ಷಿಸುವ ವಿಶ್ವಸಂಸ್ಥೆಯ 14ನೇ ನಿಯಮದಲ್ಲಿ ಕಾರಿಗೆ ಎದೆಯ ಪಟ್ಟಿಗೂ ಸೊಂಟದ ಪಟ್ಟಿಗೂ ತಲಾ 13,500 ನ್ಯೂಟನ್, ಅಂದರೆ ಸುಮಾರು 1,375 ಕೆಜಿ ತೂಗಿದಷ್ಟು ಎಳೆತ ಕೊಡುತ್ತಾರೆ. ಬಕಲ್ ಸೀಟಿನ ಮೇಲಿದ್ದರೆ ಸೀಟಿನ ತೂಕದ 20 ಪಟ್ಟು ಅದಕ್ಕೆ ಸೇರಿಸುತ್ತಾರೆ. ಎರಡು ಮಿಲಿಮೀಟರಿನ ತಗಡಿನ ಎಲ್-ಪಟ್ಟಿ ಇದರ ಮುಂದೆ ಹಪ್ಪಳ.

ನಿಮ್ಮ ಕಾರಿನ ಮಾದರಿಗೇ ತಯಾರಾದ ಫ್ರೇಮು ಸಿಕ್ಕರೆ ಅದನ್ನೇ ಕೊಳ್ಳಿ. ಪೋಲೊದಂಥ ಯುರೋಪಿನಲ್ಲೂ ಮಾರಾಟವಾದ ಕಾರುಗಳಿಗೆ ಸಿಗುತ್ತದೆ. ಆರ್ಡರ್ ಮಾಡುವಾಗ ಬಲಗಡೆ ಸ್ಟಿಯರಿಂಗ್, ಡ್ರೈವರ್ ಕಡೆಯದು ಎಂದು ಸ್ಪಷ್ಟವಾಗಿ ಬರೆಯಿರಿ. ಗೇರ್ ಸುರಂಗದ ಪಕ್ಕದ ಕಾಲು, ಬಾಗಿಲ ಪಕ್ಕದ ಕಾಲು ಒಂದೇ ಎತ್ತರವಿರಬೇಕೆಂದಿಲ್ಲ. ಎಡ ಬಲ ಅದಲುಬದಲಾದರೆ ಸೀಟು ಓರೆಯಾಗುತ್ತದೆ.

ಮಾಡಿಸಲೇಬೇಕಾದರೆ ಲೆಕ್ಕ ಇಷ್ಟು. ಎಫ್‌ಐಎ ನಿಯಮದಲ್ಲಿ ಸೀಟಿನ ಬ್ರಾಕೆಟ್‌ಗೆ ಉಕ್ಕಾದರೆ ಕನಿಷ್ಠ 3 ಮಿ.ಮೀ., ಅಲ್ಯೂಮಿನಿಯಂ ಆದರೆ 5 ಮಿ.ಮೀ. ದಪ್ಪ, ಸೀಟಿಗೆ ಕನಿಷ್ಠ ನಾಲ್ಕು ಎಂ8 (8 ಮಿ.ಮೀ. ವ್ಯಾಸದ) ಬೋಲ್ಟು. ಫ್ರೇಮಿನ ತೂತುಗಳನ್ನು ಡ್ರಿಲ್‌ನಿಂದಲೇ ಕೊರೆಯಬೇಕು. ಗ್ಯಾಸ್ ಕಟರ್‌ನಿಂದ ಸುಟ್ಟು ಮಾಡಿದ ಉದ್ದನೆಯ ತೂತು ಬೇಡ. ತೂತಿನ ಮಧ್ಯದಿಂದ ಪಟ್ಟಿಯ ಅಂಚಿಗೆ ಬೋಲ್ಟಿನ ವ್ಯಾಸದ ಎರಡು ಪಟ್ಟು ಜಾಗ ಬಿಡಿ. ವೆಲ್ಡಿಂಗ್ ಚುಕ್ಕಿ ಚುಕ್ಕಿಯಾಗಿರದೆ ಉದ್ದಕ್ಕೂ ಹರಿದಿರಬೇಕು. ಕಾರಿನ ನೆಲದಲ್ಲಿ ಕಾರ್ಖಾನೆಯ ನಾಲ್ಕು ಥ್ರೆಡ್ ಪಾಯಿಂಟುಗಳನ್ನು ಬಿಟ್ಟು ಬೇರೆ ಕಡೆ ಕೊರೆಯಲು ಬಿಡಬೇಡಿ. ಅಲ್ಲಿನ ತಗಡು ತೆಳು, ಬೋಲ್ಟು ವಾಷರ್ ಸಮೇತ ಕಿತ್ತು ಬರುತ್ತದೆ. ಹೊಸ ಪಾಯಿಂಟ್ ಅನಿವಾರ್ಯವಾದ ರ‍್ಯಾಲಿ ಕಾರಿನಲ್ಲೂ ಪ್ರತಿ ಬೋಲ್ಟಿಗೆ ಕನಿಷ್ಠ 40 ಚದರ ಸೆಂ.ಮೀ. ಅಗಲದ, 3 ಮಿ.ಮೀ. ದಪ್ಪದ ಪ್ಲೇಟನ್ನು ಕೆಳಗೆ ಕೊಡಬೇಕೆಂದಿದೆ.

ಬೋಲ್ಟಿನ ತಲೆಯ ಮೇಲೆ ಅದರ ಬಲದ ದರ್ಜೆ 8.8 ಅಥವಾ 10.9 ಎಂದು ಅಚ್ಚಾಗಿರಬೇಕು. ಏನೂ ಬರೆಯದ ಬೋಲ್ಟು ಗೇಟಿಗೆ ಹಾಕಲಿಕ್ಕೆ. ತುಕ್ಕು ಹಿಡಿಯದೆಂದು ಸ್ಟೇನ್‌ಲೆಸ್ ಕೊಡುವವರಿದ್ದಾರೆ. ಮಾಮೂಲಿ ಎ2-70 ಸ್ಟೇನ್‌ಲೆಸ್ ಬೋಲ್ಟಿನ ಬಲ 8.8ಕ್ಕಿಂತ ಕಡಿಮೆ. ಬಕಲ್‌ಗೆ ಕಾರ್ಖಾನೆಯ ಬೋಲ್ಟನ್ನೇ ಬಳಸಿ. ಹಲವು ಕಾರುಗಳಲ್ಲಿ ಅದು 7/16 ಇಂಚಿನ ಸಣ್ಣ ಥ್ರೆಡ್ಡಿನದು, ಎಂ12 ಬೋಲ್ಟನ್ನು ಅದರ ತೂತಿನಲ್ಲಿ ಒತ್ತಾಯದಿಂದ ತಿರುಗಿಸಿದರೆ ಥ್ರೆಡ್ ಹಾಳು.

ಸೀಟು ಹಿಂದೆ ಮುಂದೆ ಜಾರಲು ಸ್ಲೈಡರ್ ಬೇಕು. ಎರಡೂ ಕಡೆ ಲಾಕ್ ಆಗುವುದನ್ನೇ ತೆಗೆದುಕೊಳ್ಳಿ. ಅಗ್ಗದವು ಒಂದೇ ಕಡೆ ಕಚ್ಚುತ್ತವೆ, ಬ್ರೇಕ್ ಹಾಕಿದಾಗೆಲ್ಲ ಇನ್ನೊಂದು ಕಡೆ ಕಟಕ್ ಎಂದು ಅಲುಗುತ್ತದೆ, ಡಿಕ್ಕಿಯಲ್ಲಿ ಸೀಟು ತಿರುಚಿಕೊಳ್ಳುತ್ತದೆ. ಸ್ಲೈಡರ್ ಸೀಟಿನ ಎತ್ತರವನ್ನೂ ಏರಿಸುತ್ತದೆ. ಫ್ರೇಮು, ಸ್ಲೈಡರ್, ಸೀಟು ಮೂರನ್ನೂ ಬೋಲ್ಟ್ ಹಾಕದೆ ಒಂದರ ಮೇಲೊಂದು ಇಟ್ಟು, ಕೂತು, ತಲೆಗೂ ಚಾವಣಿಗೂ ಅಂತರ ನೋಡಿ. ತಲೆದಿಂಬಿನ ಮೇಲಂಚು ಕಿವಿಗಿಂತ ಮೇಲೆ, ತಲೆಯ ನೆತ್ತಿಯ ಹತ್ತಿರಕ್ಕೆ ಬರಬೇಕು. ಎತ್ತರದವರಿಗೆ ಗಿಡ್ಡ ಬೆನ್ನಿನ ಸೀಟು ಹಾಕಿದರೆ ಹಿಂದಿನಿಂದ ಯಾರಾದರೂ ಗುದ್ದಿದಾಗ ಕುತ್ತಿಗೆ ಜೋರಾಗಿ ಹಿಂದಕ್ಕೆ ಬಾಗಿ ಪೆಟ್ಟಾಗಬಹುದು.

ಏರ್‌ಬ್ಯಾಗ್ ವಿಷಯದಲ್ಲಿ ಕಾರು ಯಾವುದೆಂಬುದೇ ಮುಖ್ಯ. ಭಾರತದ ಮಾಮೂಲಿ ಪೋಲೊದಲ್ಲಿ, 2024ಕ್ಕೆ ಮುಂಚಿನ ಸ್ವಿಫ್ಟ್‌ನಲ್ಲಿ ಸೀಟಿನೊಳಗೆ ಪಕ್ಕದ ಏರ್‌ಬ್ಯಾಗ್ ಇಲ್ಲ, ಸೀಟು ಬದಲಿಸಿದರೆ ಅದನ್ನು ಕಳೆದುಕೊಳ್ಳುವ ಪ್ರಶ್ನೆ ಬರುವುದಿಲ್ಲ. 2024ರ ಹೊಸ ಸ್ವಿಫ್ಟ್‌ನಲ್ಲಿ ಆರು ಏರ್‌ಬ್ಯಾಗ್ ಇದ್ದು, ಎರಡು ಮುಂದಿನ ಸೀಟುಗಳೊಳಗೇ ಇವೆ. ಸೀಟಿನ ಪಕ್ಕದಲ್ಲಿ ‘ಏರ್‌ಬ್ಯಾಗ್’ ಎಂಬ ಚೀಟಿ ಹೊಲಿದಿದ್ದರೆ ಆ ಸೀಟನ್ನು ಬದಲಿಸಬೇಡಿ. ಅಂಗಡಿಯವರು ಏರ್‌ಬ್ಯಾಗಿನ ಹಳದಿ ಕನೆಕ್ಟರ್‌ಗೆ ಸಣ್ಣ ರೆಸಿಸ್ಟರ್ ಸಿಕ್ಕಿಸಿ ಡ್ಯಾಶ್‌ಬೋರ್ಡಿನ ಕೆಂಪು ದೀಪ ಆರಿಸಿ ಕೊಡುತ್ತಾರೆ. ದೀಪ ಆರುತ್ತದೆ, ಏರ್‌ಬ್ಯಾಗ್ ಮಾತ್ರ ಮನೆಯ ಅಟ್ಟದಲ್ಲಿರುತ್ತದೆ. ನಾಳೆ ಆ ಕಾರು ಕೊಳ್ಳುವವರಿಗೂ ಇದು ಮೋಸ.

2019ರ ಜುಲೈ 1ರ ನಂತರ ತಯಾರಾದ ಕಾರುಗಳಲ್ಲಿ ಬೆಲ್ಟ್ ಹಾಕದಿದ್ದರೆ ಕೂಗುವ ಅಲಾರಾಂ ಕಡ್ಡಾಯ. ಅದರ ವೈರು ಬಕಲ್‌ನಿಂದ ಬರುತ್ತದೆ. ಬಕಲ್ ಜೊತೆಗೇ ಅದನ್ನೂ ಸಾಗಿಸಿ, ಸ್ಲೈಡರ್ ಹಲ್ಲಿಗೆ ಸಿಗದಂತೆ ಫ್ರೇಮಿಗೆ ಟೈ ಕಟ್ಟಿ.

ಕೂರಿಸುವ ಕ್ರಮ ಹೀಗೆ. ಇಗ್ನಿಷನ್ ಆಫ್ ಮಾಡಿ, ಬ್ಯಾಟರಿಯ ನೆಗೆಟಿವ್ ಕಳಚಿ, ಕಾರಿನ ಸರ್ವಿಸ್ ಕೈಪಿಡಿ ಹೇಳಿದಷ್ಟು ಹೊತ್ತು ಕಾಯಿರಿ. ಆಮೇಲೆಯೇ ಸೀಟಿನ ಕೆಳಗಿನ ಕನೆಕ್ಟರ್ ಮುಟ್ಟಿ. ಮತ್ತೆ ಎಲ್ಲ ಜೋಡಿಸುವ ತನಕ ಕೀ ತಿರುಗಿಸಬೇಡಿ, ತಿರುಗಿಸಿದರೆ ದೋಷದ ಕೋಡ್ ಕೂತುಬಿಡುತ್ತದೆ. ಸೀಟು ಹೊರತೆಗೆಯುವ ಮೊದಲು ಬಾಗಿಲ ಹೊಸ್ತಿಲಿಗೆ ದಪ್ಪ ಬಟ್ಟೆ ಹಾಸಿ, ಪೇಂಟ್ ಕೆರೆಯುವುದು ಅಲ್ಲೇ. ಸೀಟಿಗೆ ಸ್ಲೈಡರ್ ಹಾಕುವಾಗ ಎಂ8 ಬೋಲ್ಟು ಕನಿಷ್ಠ 8 ಮಿ.ಮೀ. ಥ್ರೆಡ್ ಹಿಡಿದಿರಬೇಕು. ತೀರ ಉದ್ದವಿದ್ದರೆ ತುದಿ ಫೋಮಿಗೆ ಚುಚ್ಚುತ್ತದೆ, ಬೋಲ್ಟಿನ ತಲೆ ದಪ್ಪವಿದ್ದರೆ ಸ್ಲೈಡರ್ ಅರ್ಧದಲ್ಲೇ ಸಿಕ್ಕಿಕೊಳ್ಳುತ್ತದೆ. ಸೀಟನ್ನು ಪೂರ್ತಿ ಹಿಂದೆ, ಪೂರ್ತಿ ಮುಂದೆ ಜಾರಿಸಿ ನೋಡಿಯೇ ಕಾರೊಳಗೆ ಇಡಿ.

ನೆಲದ ನಾಲ್ಕೂ ಬೋಲ್ಟನ್ನು ಮೊದಲು ಕೈಯಿಂದಲೇ ತಿರುಗಿಸಿ ಹಿಡಿಸಿ. ಒಂದನ್ನು ಪೂರ್ತಿ ಬಿಗಿದು ಉಳಿದ ಮೂರನ್ನು ಎಳೆದು ಕೂರಿಸಿದರೆ ಸ್ಲೈಡರ್ ತಿರುಚಿ, ಒಂದು ಕಡೆಯ ಲಾಕ್ ಕಚ್ಚುವುದಿಲ್ಲ. ಕೊನೆಗೆ ಟಾರ್ಕ್ ವ್ರೆಂಚ್‌ನಿಂದ (ಬಿಗಿತ ಅಳೆಯುವ ಸ್ಪ್ಯಾನರ್) ಕಾರಿನ ಕೈಪಿಡಿಯ ಅಂಕಿಗೆ ಬಿಗಿಯಿರಿ. ಫ್ರೇಮಿನ ಇತರ ಬೋಲ್ಟುಗಳಿಗೆ ತಯಾರಕರ ಅಂಕಿ ಇಲ್ಲದಿದ್ದರೆ 8.8 ದರ್ಜೆಯ ಎಂ8ಕ್ಕೆ ಸುಮಾರು 25 ನ್ಯೂಟನ್ ಮೀಟರ್, ಎಂ10ಕ್ಕೆ ಸುಮಾರು 49. ನೈಲಾನ್ ನಟ್ಟನ್ನು ಒಮ್ಮೆ ಬಿಚ್ಚಿದ ಮೇಲೆ ಎಸೆದು ಹೊಸದು ಹಾಕಿ.

ಮಾರುಕಟ್ಟೆಯಲ್ಲಿ ನಕಲಿ ಮಾಲು ಧಾರಾಳವಾಗಿದೆ. ಸ್ಪ್ರಿಂಟ್ ಆದರೆ ಎಫ್‌ಐಎ ಚೀಟಿಯಲ್ಲಿ ತಯಾರಕರ ಹೆಸರು, ಮಾದರಿ, ಮಾನ್ಯತೆಯ ಸಂಖ್ಯೆ, ತಯಾರಾದ ತಿಂಗಳು ವರ್ಷ ಇರಬೇಕು, ಆ ಸಂಖ್ಯೆ ಎಫ್‌ಐಎಯ 12ನೇ ತಾಂತ್ರಿಕ ಪಟ್ಟಿಯಲ್ಲಿ ಸಿಗಬೇಕು. ರ‍್ಯಾಲಿಯಿಂದ ಬಂದ ಸೆಕೆಂಡ್ ಹ್ಯಾಂಡ್ ಸೀಟಾದರೆ ಇನ್ನೊಂದು ಮಾತು: 8855-1999ರ ಆಯಸ್ಸು ತಯಾರಾದ ದಿನದಿಂದ ಐದು ವರ್ಷ. ಬಾಗುವ ಸೀಟಿಗೆ ಇಂಥ ಚೀಟಿ ಇರುವುದಿಲ್ಲ, ಕೈಯಿಂದಲೇ ನೋಡಬೇಕು. ಸೀಟನ್ನು ಹಿಡಿದು ಬೆನ್ನಿನ ಮೇಲಿನ ಎರಡು ಮೂಲೆಗಳನ್ನು ಎದುರುಬದುರು ತಳ್ಳಿ. ಒಂದು ಕಡೆ ಮಾತ್ರ ಲಾಕ್ ಇರುವ ನಕಲಿಯ ಬೆನ್ನು ಒದ್ದೆ ರಟ್ಟಿನ ಹಾಗೆ ತಿರುಚುತ್ತದೆ.

ಕಾನೂನಿನ ಕಡೆಗೂ ಗಮನವಿರಲಿ. ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಕಂಪನಿಯ ಮೂಲ ವಿವರಕ್ಕೆ ಬೇರೆಯಾಗುವ ಬದಲಾವಣೆಯನ್ನು ಕಟ್ಟಿಹಾಕುತ್ತದೆ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಗಿಯಾಗಿಯೇ ಓದಿದೆ. ಕೆಲಸಕ್ಕೆ ಕೈ ಹಾಕುವ ಮೊದಲು ಆರ್‌ಟಿಒ ಕಚೇರಿಯಲ್ಲಿ ಕೇಳಿ, ವಿಮಾ ಕಂಪನಿಗೆ ಬರೆದು ತಿಳಿಸಿ ಉತ್ತರ ಪಡೆದುಕೊಳ್ಳಿ.

ಬಳಕೆಯಲ್ಲಿ ಆರ್100ರ ಬಟ್ಟೆ ನಮ್ಮ ಹವೆಗೆ ಒಗ್ಗುತ್ತದೆ. ಕಲಬುರಗಿಯ ಬೇಸಿಗೆಯಲ್ಲಿ ರೆಕ್ಸಿನ್ ಸೀಟಿನ ಮೇಲೆ ಕೂರುವವರಿಗೆ ಇದರ ಬೆಲೆ ಗೊತ್ತು. ಆದರೆ ಫೋಮು ಕಾರ್ಖಾನೆಯ ಸೀಟಿಗಿಂತ ಗಟ್ಟಿ, ರಸ್ತೆಯ ಗುಂಡಿಗಳು ಬೆನ್ನಿಗೆ ನೇರವಾಗಿ ತಿಳಿಯುತ್ತವೆ. ಮಂಗಳೂರು, ಕಾರವಾರದ ಕಡೆಯವರು ಫ್ರೇಮಿಗೆ ಪೌಡರ್ ಕೋಟಿಂಗ್ ಮಾಡಿಸಿ, ಮಳೆಗಾಲ ಮುಗಿದ ಮೇಲೆ ವೆಲ್ಡಿಂಗ್ ಸಂದುಗಳನ್ನು ಟಾರ್ಚ್ ಹಾಕಿ ನೋಡಬೇಕು. ಹೊಸ ಸೀಟು ಹಾಕಿ ನೂರು ಕಿಲೋಮೀಟರ್ ಓಡಿಸಿದ ಮೇಲೆ ಎಲ್ಲ ಬೋಲ್ಟಿಗೂ ಮತ್ತೊಮ್ಮೆ ಟಾರ್ಕ್ ವ್ರೆಂಚ್ ಹಿಡಿಯಿರಿ, ಸಾವಿರಕ್ಕೆ ಇನ್ನೊಮ್ಮೆ. ಪ್ರತಿ ಬೋಲ್ಟಿನ ತಲೆಯಿಂದ ಫ್ರೇಮಿನವರೆಗೆ ಪೇಂಟ್ ಮಾರ್ಕರ್‌ನಿಂದ ಒಂದು ಗೆರೆ ಎಳೆದಿಟ್ಟರೆ, ಆಮೇಲೆ ಕಾರು ತೊಳೆಯುವಾಗ ಬಗ್ಗಿ ನೋಡಿದರೂ ಸಾಕು, ಸಡಿಲವಾದದ್ದು ಕಣ್ಣಿಗೆ ಬೀಳುತ್ತದೆ.