ರೈಜೆನ್ 5 7600: ಮೊದಲ ಗೇಮಿಂಗ್ ಪಿಸಿಗೆ ನನ್ನ ಆಯ್ಕೆ

ಮೊದಲ ಸಲ ಗೇಮಿಂಗ್ ಪಿಸಿ ನೀವೇ ಜೋಡಿಸುತ್ತಿದ್ದೀರಾ? ಎಎಂಡಿ ರೈಜೆನ್ 5 7600 ತಗೊಳ್ಳಿ. ಇದಕ್ಕಿಂತ ವೇಗದ ಪ್ರೊಸೆಸರ್‌ಗಳು ಬೇಕಾದಷ್ಟಿವೆ. ಆದರೆ ಎಲ್ಲ ಜೋಡಿಸಿ ಸ್ವಿಚ್ ಒತ್ತಿದಾಗ ಏನೂ ಬರದಿದ್ದರೆ, ತೊಂದರೆ ಎಲ್ಲಿದೆ ಅಂತ ಹುಡುಕೋಕೆ ಇದು ತುಂಬಾ ಸಹಾಯ ಮಾಡುತ್ತದೆ.

ಯಾಕೆಂದರೆ ಇದರೊಳಗೇ ಒಂದು ಚಿಕ್ಕ ಗ್ರಾಫಿಕ್ಸ್ ಇದೆ. ಅದರಲ್ಲಿ ದೊಡ್ಡ ಗೇಮ್ ಆಡುವ ಆಸೆ ಬೇಡ. ಅದರ ಬೆಲೆ ಗೊತ್ತಾಗೋದು ಸ್ಕ್ರೀನ್ ಕಪ್ಪಗೆ ಕೂತಾಗ. ಕರೆಂಟ್ ತೆಗೆದು, ಗ್ರಾಫಿಕ್ಸ್ ಕಾರ್ಡ್ ಬಿಚ್ಚಿಟ್ಟು, ಮಾನಿಟರ್ ಕೇಬಲ್ಲನ್ನು ಮದರ್‌ಬೋರ್ಡಿಗೇ ಸಿಕ್ಕಿಸಿ ಆನ್ ಮಾಡಿ. ಡಿಸ್‌ಪ್ಲೇ ಬಂತಾ, ಕಾರ್ಡನ್ನೋ ಅದರ ಪವರ್ ಕೇಬಲ್ಲನ್ನೋ ನೋಡಿ. ಬರಲಿಲ್ವಾ, ಕಾರ್ಡನ್ನು ಬಿಟ್ಟು ಬೇರೆ ಕಡೆ ಹುಡುಕಿ. ಇದರ ಅಗ್ಗದ ತಮ್ಮನಂತಿರುವ ರೈಜೆನ್ 5 7500ಎಫ್‌ನಲ್ಲಿ ಈ ಗ್ರಾಫಿಕ್ಸ್ ಇಲ್ಲ. ಸ್ವಲ್ಪ ದುಡ್ಡು ಉಳಿಯುತ್ತೆ ನಿಜ, ಆದರೆ ಮನೆಯಲ್ಲಿ ಇನ್ನೊಂದು ಕಾರ್ಡ್ ಇಲ್ಲದವರು ಆಗ ಯಾವುದನ್ನು ಹಾಕಿ ಪರೀಕ್ಷಿಸಬೇಕು?

2023ರ ಜನವರಿಯಲ್ಲಿ ಬಂದದ್ದು. 6 ಕೋರ್, 12 ಥ್ರೆಡ್, 5.1 ಗಿಗಾಹರ್ಟ್ಸ್‌ವರೆಗೆ ಹೋಗುತ್ತದೆ, 65 ವ್ಯಾಟ್ ಟಿಡಿಪಿ (ಕೂಲರ್ ಎಷ್ಟು ಶಾಖ ಹೊರಹಾಕಬೇಕು ಅನ್ನುವ ಅಂದಾಜು). ಡಬ್ಬಿಯಲ್ಲೇ ಕೂಲರ್ ಬರುತ್ತದೆ, ಇದಕ್ಕಿಂತ ಸ್ವಲ್ಪ ವೇಗದ 7600ಎಕ್ಸ್‌ಗಾದರೆ ಬೇರೆ ಕೊಳ್ಳಬೇಕು. ಈ ಕೂಲರ್ ಹಾಕುವ ಮುಂಚೆ ಬೋರ್ಡಿನ ಮೇಲಿರುವ ಎರಡು ಪ್ಲಾಸ್ಟಿಕ್ ಬ್ರಾಕೆಟ್ ಬಿಚ್ಚಬೇಕು. ಆಮೇಲೆ ನಾಲ್ಕು ಸ್ಕ್ರೂಗಳನ್ನು ಎದುರುಬದುರು ಮೂಲೆಗಳಲ್ಲಿ ಸ್ವಲ್ಪ ಸ್ವಲ್ಪವೇ ತಿರುಗಿಸುತ್ತಾ ಹೋಗಿ. ಒಂದೇ ಮೂಲೆಯನ್ನು ಪೂರ್ತಿ ಬಿಗಿ ಮಾಡಿದರೆ ಎದುರಿನ ಸ್ಕ್ರೂ ಕಚ್ಚೋದೇ ಇಲ್ಲ. ಪೇಸ್ಟ್ ಮೊದಲೇ ಹಚ್ಚಿರುತ್ತೆ, ಬೆರಳು ತಾಗಿಸಬೇಡಿ. ಇನ್ನೊಂದು, ಈ ಪ್ರೊಸೆಸರ್ ಕೂರುವ ಸಾಕೆಟ್ಟಿನ ಮಾದರಿ ಎಎಂ5. ಅದರಲ್ಲಿ ಪಿನ್‌ಗಳಿರುವುದು ಪ್ರೊಸೆಸರ್‌ನಲ್ಲಲ್ಲ, ಬೋರ್ಡಿನ ಸಾಕೆಟ್‌ನಲ್ಲಿ. ಕೂದಲಿನಂಥ ಪಿನ್‌ಗಳು, ಬಾಗಿದರೆ ಬೋರ್ಡೇ ಹೋಯಿತು.

ಈಗ ಎಲ್ಲರನ್ನೂ ಹೆದರಿಸುವ ವಿಷಯ. ಮೊದಲ ಸಲ ಆನ್ ಮಾಡಿದಾಗ ಫ್ಯಾನ್ ತಿರುಗುತ್ತೆ, ಲೈಟ್ ಬರುತ್ತೆ, ಸ್ಕ್ರೀನ್ ಮಾತ್ರ ಕಪ್ಪು. ಬೋರ್ಡಿನಲ್ಲಿ 'ಡಿರ್‍ಯಾಮ್' ಅಂತ ಬರೆದಿರುವ ಚಿಕ್ಕ ಲೈಟ್ ಉರಿಯುತ್ತಾ ನಿಂತಿರುತ್ತೆ. ರ್‍ಯಾಮ್ ಕೆಟ್ಟಿದೆ ಅಂದುಕೊಂಡು ತಕ್ಷಣ ಆಫ್ ಮಾಡಬೇಡಿ! ಡಿಡಿಆರ್5 ರ್‍ಯಾಮ್‌ಗೆ ಹೊಂದುವ ಸೆಟ್ಟಿಂಗನ್ನು ಬೋರ್ಡ್ ತಾನೇ ಹುಡುಕಿಕೊಳ್ಳುತ್ತಿರುತ್ತದೆ, ಇದನ್ನೇ ಮೆಮೊರಿ ಟ್ರೈನಿಂಗ್ ಅನ್ನುತ್ತಾರೆ, ಕೆಲವೊಮ್ಮೆ ಹಲವು ನಿಮಿಷ ಹಿಡಿಯುತ್ತೆ. ಕಾಲು ಗಂಟೆ ಕಾದರೂ ಅದೇ ಸ್ಥಿತಿ ಇದ್ದರೆ ಒಂದೇ ರ್‍ಯಾಮ್ ಕಡ್ಡಿ ಹಾಕಿ ನೋಡಿ. ನಾಲ್ಕು ಸ್ಲಾಟಿನ ಬೋರ್ಡ್ ಆದರೆ ಎರಡು ಕಡ್ಡಿಗಳು ಸಾಮಾನ್ಯವಾಗಿ ಪ್ರೊಸೆಸರ್ ಕಡೆಯಿಂದ 2 ಮತ್ತು 4ನೇ ಸ್ಲಾಟಿಗೆ ಹೋಗಬೇಕು.

ಡಿಸ್‌ಪ್ಲೇ ಬಂದ ಮೇಲೆ ಬಯೋಸ್‌ಗೆ (ಬೋರ್ಡಿನ ಸೆಟ್ಟಿಂಗ್‌ಗಳಿರುವ ಜಾಗ) ಹೋಗಿ ಎಕ್ಸ್‌ಪೋ ಆನ್ ಮಾಡಿ, ಅದು ರ್‍ಯಾಮ್ ಅನ್ನು ಡಬ್ಬಿಯ ಮೇಲೆ ಬರೆದ ವೇಗದಲ್ಲಿ ಓಡಿಸುವ ಸೆಟ್ಟಿಂಗ್. ಇಲ್ಲದಿದ್ದರೆ 6000 ವೇಗದ ರ್‍ಯಾಮ್‌ಗೆ ದುಡ್ಡು ಕೊಟ್ಟು ಸಾಮಾನ್ಯವಾಗಿ 4800ರಲ್ಲೇ ಓಡಿಸುತ್ತಿರುತ್ತೀರಿ. ಇದಾದ ಮೇಲೂ ಟ್ರೈನಿಂಗ್ ಮತ್ತೆ ನಡೆಯಬಹುದು, ಗಾಬರಿ ಬೇಡ.

ಕೊಳ್ಳುವಾಗಲೂ ಹುಷಾರಾಗಿರಿ. ಬೆಂಗಳೂರಿನ ಎಸ್.ಪಿ. ರೋಡಿನ ಒಂದು ಅಂಗಡಿಯಲ್ಲಿ ಪ್ರೊಸೆಸರ್‌ಗೆ ಒಳ್ಳೆಯ ರೇಟ್ ಕೊಟ್ಟು, ಪವರ್ ಸಪ್ಲೈ ಮಾತ್ರ ಹೆಸರೇ ಕೇಳದ ಕಂಪನಿಯದ್ದು ತೋರಿಸಿದರು. "ಇದೂ 650 ವ್ಯಾಟೇ ಸರ್, ಏನೂ ಆಗಲ್ಲ" ಅಂದರು. ನಾನು ತಗೊಳ್ಳಲಿಲ್ಲ. 80 ಪ್ಲಸ್ ಅನ್ನುವ ಗುರುತು ಕೂಡ ಕರೆಂಟ್ ಎಷ್ಟು ಪೋಲಾಗುತ್ತದೆ ಅನ್ನೋದನ್ನಷ್ಟೇ ಹೇಳುತ್ತದೆ, ಒಳಗಿನ ರಕ್ಷಣೆ ಹೇಗಿದೆ ಅಂತಲ್ಲ. ಆ ಮಾಡೆಲ್ಲಿನ ಪರೀಕ್ಷೆ ಯಾರಾದರೂ ಮಾಡಿದ್ದಾರಾ ಅಂತ ಹುಡುಕಿ ಆಮೇಲೆ ದುಡ್ಡು ಕೊಡಿ. ಪ್ರೊಸೆಸರ್ ಕೂಡ ಸೀಲ್ ಇರುವ ಡಬ್ಬಿಯದ್ದೇ ಕೇಳಿ, ಬಿಡಿಯಾಗಿ ಮಾರುವ ಟ್ರೇ ಪೀಸಿಗೆ ಸಾಮಾನ್ಯವಾಗಿ ಕೂಲರ್ ಇರಲ್ಲ.

7600ರ ದೊಡ್ಡ ತೊಡಕು ಅಂದರೆ ಡಿಡಿಆರ್5 ಬಿಟ್ಟು ಬೇರೆ ರ್‍ಯಾಮ್ ನಡೆಯಲ್ಲ, ಅದರ ಬೆಲೆ 2025ರ ಕೊನೆಯಲ್ಲಿ ವಿಪರೀತ ಏರಿತು. ಮನೆಯಲ್ಲಿ ಹಿಂದಿನ ಎಎಂ4 ಸಾಕೆಟ್ಟಿನ ಬೋರ್ಡ್, ಡಿಡಿಆರ್4 ರ್‍ಯಾಮ್ ಇದ್ದವರು ಇದಕ್ಕೆ ಕೈ ಹಾಕಬೇಡಿ. ಬೋರ್ಡ್ ಒಪ್ಪುತ್ತದಾ ನೋಡಿಕೊಂಡು ರೈಜೆನ್ 5 5600 ಹಾಕಿ, ಉಳಿದದ್ದನ್ನು ಗ್ರಾಫಿಕ್ಸ್ ಕಾರ್ಡಿಗೆ ಸುರಿಯಿರಿ. ಹಳೆಯ ಪ್ರೊಸೆಸರ್ ಬಿಚ್ಚುವ ಮುಂಚೆಯೇ ಬಯೋಸ್ ಅಪ್‌ಡೇಟ್ ಮಾಡಿಕೊಳ್ಳಿ.