ಇಟಲಿಯಲ್ಲಿ ನಿಧಾನವಾಗಿ ಸೈಕಲ್ ತುಳಿಯೋಕೆ ಯಾವ ಕಡೆ ಒಳ್ಳೆಯದು: ಟಸ್ಕನಿ, ಪುಲ್ಯಾ, ಇಲ್ಲಾ ಮಿಂಚೋ ನದಿ ದಂಡೆ?

ನನಗೆ 52 ವರ್ಷ, ನಮ್ಮವರಿಗೆ 57. ಅವರ ಬಲ ಮಂಡಿ ಹಳೇ ನೋವಿನದು. ದಿನಕ್ಕೆ 30–40 ಕಿಲೋಮೀಟರ್ ಸಾಕು, ಸಂಜೆ ಊರು ಸುತ್ತೋಕೆ ಕಾಲಲ್ಲಿ ಕಸುವು ಉಳಿದಿರಬೇಕು. ಈ ಲೆಕ್ಕ ಇಟ್ಟುಕೊಂಡು ಮೂರು ವರ್ಷದಲ್ಲಿ ಇಟಲಿಯ ಮೂರು ಕಡೆ ಬಾಡಿಗೆ ಸೈಕಲ್ ತುಳಿದೆವು. ಅದೇ ಲೆಕ್ಕದಲ್ಲೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಹೋಗಿದ್ದು ಟಸ್ಕನಿಗೆ. ಎಲ್ಲರೂ ಫೋಟೋದಲ್ಲಿ ನೋಡಿರುವ ಇಟಲಿ ಅದೇ ಅಲ್ವಾ? ಸಿಯೆನಾದ ಉತ್ತರಕ್ಕಿರುವ ಕಿಯಾಂತಿ ಗುಡ್ಡಗಳಲ್ಲಿ ಐದು ದಿನ ಇದ್ದೆವು. ಅಲ್ಲಿನ ಬಿಳಿ ಮಣ್ಣಿನ ರಸ್ತೆಗಳು ಸೈಕಲ್ ಲೋಕದಲ್ಲಿ ಹೆಸರುವಾಸಿ. ಹಳೇ ಸೈಕಲ್‌ಗಳಲ್ಲೇ ತುಳಿಯುವ 'ಲೆರೋಯಿಕಾ' ಸವಾರಿ ಶುರುವಾಗಿದ್ದು 1997ರಲ್ಲಿ, ಅಲ್ಲಿನ ಗಯೋಲೆ ಊರಲ್ಲಿ. ಬ್ರೋಲಿಯೋ ಕೋಟೆಗೆ ಏರುವ ದಾರಿಯ ಎರಡೂ ಕಡೆ ಸೈಪ್ರೆಸ್ ಮರಗಳು ಸಾಲಾಗಿ ನಿಂತಿವೆ. ಬೆಳಗಿನ ಬಿಸಿಲಲ್ಲಿ ಅದನ್ನು ನೋಡಿ ನಾನು ಮಾತಾಡದೆ ನಿಂತುಬಿಟ್ಟೆ.

ಆದರೆ ಅಲ್ಲಿ ಹೆಚ್ಚಿನ ಊರುಗಳು ಗುಡ್ಡದ ನೆತ್ತಿಯ ಮೇಲಿವೆ. ರಾದ್ದಾ ಅನ್ನೋ ಊರು ಇರೋದು ಸುಮಾರು 530 ಮೀಟರ್ ಎತ್ತರದಲ್ಲಿ. ಹಾಗಾಗಿ ದಿನವಿಡೀ ಏರಿ ಇಳಿದು ಸುಸ್ತಾದ ಮೇಲೆ, ಉಳಿಯುವ ಮನೆ ಸೇರೋಕೆ ಮತ್ತೊಂದು ಏರು ಕಾದಿರುತ್ತದೆ. ಮೂರನೇ ದಿನ ನಮ್ಮವರು ಸೈಕಲ್ ಇಳಿದು, "ತಳ್ಕೊಂಡೇ ಹೋಗೋಣ ಕಣೇ" ಅಂದರು. ಆಮೇಲಿನ ಎರಡು ಕಿಲೋಮೀಟರ್ ಹಾಗೇ ನಡೆದೆವು. ಜಲ್ಲಿ ರಸ್ತೆಗೆ ಸಪೂರ ಟೈರು ಆಗಿಬರುವುದಿಲ್ಲ, ಎರಡು ಸಲ ಪಂಕ್ಚರ್ ಆಯಿತು. ಟಸ್ಕನಿಗೇ ಹೋಗಬೇಕೆಂದಿದ್ದರೆ ಅಗಲ ಟೈರಿನ ಬ್ಯಾಟರಿ ಸೈಕಲ್ಲನ್ನೇ ತಗೊಳ್ಳಿ. ಅಲ್ಲಿನ ಬ್ರೆಡ್ಡಿಗೆ ಉಪ್ಪು ಹಾಕುವುದಿಲ್ಲ. ಹುರುಳಿಕಾಯಿ ಬೀಜ, ಕಪ್ಪು ಕೋಸು, ಹಳೇ ಬ್ರೆಡ್ ಹಾಕಿ ಕುದಿಸುವ ರಿಬೊಲ್ಲಿತಾ ಜೊತೆ ಮಾತ್ರ ಆ ಬ್ರೆಡ್ ನನಗೆ ಹಿಡಿಸಿತು.

ಮುಂದಿನ ವರ್ಷ ಮೇ ತಿಂಗಳಲ್ಲಿ ಪುಲ್ಯಾಗೆ ಹೋದೆವು. ಇಟಲಿಯ ಬೂಟಿನ ಹಿಮ್ಮಡಿ ಅದು. ಲೊಕೊರೊತೊಂದೋ, ಚಿಸ್ತೆರ್ನಿನೋ, ಒಸ್ತೂನಿ ಸುತ್ತಿನ ಇತ್ರಿಯಾ ಕಣಿವೆಯಲ್ಲಿ ಕೆಂಪು ಮಣ್ಣು, ಆಲಿವ್ ತೋಟ, ಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲಿಟ್ಟು ಕಟ್ಟಿದ ಬೇಲಿ ಗೋಡೆಗಳು. ಶಂಕುವಿನಾಕಾರದ ಕಲ್ಲಿನ ಸೂರಿನ ತ್ರುಲ್ಲೋ ಮನೆಗಳೂ ಹಾಗೇ ಗಾರೆಯಿಲ್ಲದೆ ಎದ್ದವು. ಅಲ್ಬೆರೊಬೆಲ್ಲೋದ ತ್ರುಲ್ಲೋಗಳು 1996ರಿಂದ ಯುನೆಸ್ಕೋ ಪಟ್ಟಿಯಲ್ಲಿವೆ. ಆ ಊರಲ್ಲಿ ಜನಜಂಗುಳಿ ಜಾಸ್ತಿ. ತೋಟದ ನಡುವೆ ಒಂಟಿಯಾಗಿ ನಿಂತ ತ್ರುಲ್ಲೋಗಳೇ ನನಗೆ ಹೆಚ್ಚು ಇಷ್ಟವಾದವು.

ಪುಲ್ಯಾದಲ್ಲಿ ನಾನು ಯಾರಿಗಾದರೂ ಕೈಹಿಡಿದು ತೋರಿಸಬೇಕೆನ್ನುವ ದಾರಿ ನೀರಿನ ಕಾಲುವೆಯದು. ಆ ನಾಡಿಗೆ ನದಿಗಳು ಕಡಿಮೆ. ಪಕ್ಕದ ಕಂಪಾನಿಯಾದ ಸೇಲೆ ನದಿಯಿಂದ ನೆಲದಡಿ ನೀರು ತರುವ ಕೆಲಸ 1906ರಲ್ಲಿ ಶುರುವಾಗಿ, 1915ರಲ್ಲಿ ನೀರು ಬಾರಿ ನಗರ ಮುಟ್ಟಿತು. ಕಾಲುವೆ ನೋಡಿಕೊಳ್ಳೋಕೆ ಮೇಲೆ ಮಾಡಿದ ಕಿರುದಾರಿಯಲ್ಲಿ ಚಿಸ್ತೆರ್ನಿನೋದಿಂದ ಚೆಲ್ಯೆ ಕಡೆಗೆ ಈಗ ಸೈಕಲ್ ತುಳಿಯಬಹುದು. ನೀರು ತಾನಾಗಿ ಹರಿಯಬೇಕಲ್ಲ, ಅದಕ್ಕೇ ಸುತ್ತಲೂ ಗುಡ್ಡವಿದ್ದರೂ ಈ ದಾರಿ ಸಮತಟ್ಟು. ಮಂಡ್ಯದಲ್ಲಿ ನಾಲೆ ಏರಿ ಮೇಲೆ ಸೈಕಲ್ ಕಲಿತವಳು ನಾನು. ಇಲ್ಲಿ ಪೆಡಲ್ ತುಳಿದ ಮೊದಲ ನಿಮಿಷದಲ್ಲೇ ಆ ಹದ ಕಾಲಿಗೆ ಗುರುತು ಸಿಕ್ಕಿತು.

ಊಟದಲ್ಲಿ ಪುಲ್ಯಾಗೇ ಮೊದಲ ಸ್ಥಾನ. ಫಾವಾ ಬೇಳೆಯನ್ನು ಬೇಯಿಸಿ ನುಣ್ಣಗೆ ಮಸೆದು, ಪಕ್ಕದಲ್ಲಿ ಕಹಿ ಚಿಕೋರಿ ಸೊಪ್ಪು ಬಡಿಸಿ, ಮೇಲೆ ಆಲಿವ್ ಎಣ್ಣೆ ಸುರಿದು ಕೊಡುತ್ತಾರೆ. ಒಗ್ಗರಣೆಯಿಲ್ಲದ ಮಸೊಪ್ಪು ಅನ್ನಿ. ಸಸ್ಯಾಹಾರಿಗಳು ಒಂದು ವಿಷಯ ಗಮನಿಸಿ: ಸೊಪ್ಪು ಹಾಕಿದ ಓರೆಕಿಯೆತ್ತೆ ಪಾಸ್ತಾದಲ್ಲಿ ಸಣ್ಣ ಮೀನು ಕರಗಿಸಿರುವುದುಂಟು, ಕೇಳಿಯೇ ತಿನ್ನಿ. ಮಧ್ಯಾಹ್ನ ಒಂದರಿಂದ ನಾಲ್ಕೂವರೆ, ಐದರವರೆಗೆ ಅಂಗಡಿಗಳು ಮುಚ್ಚಿರುತ್ತವೆ. ನೀರು, ಹಣ್ಣು ಬೆಳಿಗ್ಗೆಯೇ ಕಟ್ಟಿಕೊಳ್ಳಬೇಕು. ಜುಲೈ, ಆಗಸ್ಟಲ್ಲಿ ಅಲ್ಲಿಗೆ ಬೇಡವೇ ಬೇಡ. ದಕ್ಷಿಣಕ್ಕೆ ಲೆಚ್ಚೆ ಕಡೆ ಹೋದಾಗ ಆಲಿವ್ ಮರಗಳು ತೋಟಗಟ್ಟಲೆ ಒಣಗಿ ನಿಂತಿದ್ದವು. 2013ರಲ್ಲಿ ಪತ್ತೆಯಾದ ಒಂದು ಬ್ಯಾಕ್ಟೀರಿಯಾ ಮಾಡಿದ ಹಾಳು ಅದು. ತೋಟದ ಮನೆಯವರಿಗೆ ಅದನ್ನು ನೋಡೋಕೆ ಎಷ್ಟು ಸಂಕಟ ಆಗಿರಬೇಕು!

ಮೂರನೆಯದು ಮಿಂಚೋ ನದಿ ದಂಡೆ. ಗಾರ್ದಾ ಸರೋವರದ ತುದಿಯ ಪೆಸ್ಕಿಯೇರಾದಿಂದ ಮಾಂತೋವಾವರೆಗೆ ಸುಮಾರು 43 ಕಿಲೋಮೀಟರ್. ಉದ್ದಕ್ಕೂ 50 ಮೀಟರ್‌ನಷ್ಟೇ ಇಳಿತ. ಬಹುಪಾಲು ಕಾರುಗಳ ಕಾಟವಿಲ್ಲದ ಡಾಂಬರು ದಾರಿ. ಒಂದೇ ದಿನದಲ್ಲಿ ಮುಗಿಸಬಹುದು. ನಾವು ಸುಮ್ನೆ ಎರಡು ದಿನ ಮಾಡಿಕೊಂಡೆವು, ನಡುವೆ ಬೊರ್ಗೆತ್ತೋದಲ್ಲಿ ಉಳಿದುಕೊಂಡು. ನದಿಯೊಳಗೇ ನಿಂತ ಹಳೇ ನೀರಿನ ಗಿರಣಿಗಳು, ಮೇಲೆ 1393ರಲ್ಲಿ ಕಟ್ಟೋಕೆ ಶುರು ಮಾಡಿದ ವಿಸ್ಕೊಂತಿ ಸೇತುವೆ. ರಾತ್ರಿಯಿಡೀ ಕಿಟಕಿಯಾಚೆ ನೀರಿನ ಸದ್ದು.

ಬೊರ್ಗೆತ್ತೋ ದಾಟಿದ ಮೇಲೆ ಕಾಲುವೆ ಪಕ್ಕದ ನೇರ ದಾರಿ ಸ್ವಲ್ಪ ಬೇಜಾರು ತರಿಸುತ್ತದೆ, ನೆರಳೂ ಕಮ್ಮಿ. ಮಾಂತೋವಾ ಬಂದಾಗ ಅದೆಲ್ಲ ಮರೆತುಹೋಯಿತು. ಊರನ್ನು ಸುತ್ತಿಕೊಂಡಿರುವ ಸರೋವರದಲ್ಲಿ ಕಣ್ಣು ಹಾಯುವವರೆಗೂ ತಾವರೆ! 1921ರಲ್ಲಿ ತಂದು ನೆಟ್ಟ ಗಿಡ ಹಬ್ಬಿ ಇಷ್ಟಾಗಿದೆ. ಜುಲೈ, ಆಗಸ್ಟ್ ಹೂವಿನ ಕಾಲ. ಆಳೆತ್ತರದ ದಂಟಿನ ಮೇಲೆ ನಸುಗೆಂಪು ಹೂ, ಎಲೆ ಮೇಲೆ ಉರುಳುವ ನೀರಹನಿ. ಸೈಕಲ್ ಮರಕ್ಕೆ ಒರಗಿಸಿ ಇಬ್ಬರೂ ಒಂದು ಗಂಟೆ ಕೂತೆವು. ಸೊಳ್ಳೆ ಮಾತ್ರ ಸಂಜೆ ವಿಪರೀತ.

ಅಲ್ಲಿನ ಕುಂಬಳಕಾಯಿ ತೊರ್ತೆಲ್ಲಿ ಅನ್ನೋ ತುಂಬಿದ ಪಾಸ್ತಾದ ಹೂರಣ ಸಿಹಿ, ಬೆಣ್ಣೆಯಲ್ಲಿ ಹೊರಳಿಸಿ ಕೊಡುತ್ತಾರೆ. ಅದಕ್ಕೆ ಹಾಕುವ ಗ್ರಾನಾ ಚೀಸನ್ನು ಕರುವಿನ ಹೊಟ್ಟೆಯಿಂದ ತೆಗೆದ, ಹಾಲು ಹೆಪ್ಪುಗಟ್ಟಿಸುವ ರೆನೆಟ್ ಹಾಕಿ ಮಾಡುತ್ತಾರೆ, ಕಟ್ಟುನಿಟ್ಟಿನ ಸಸ್ಯಾಹಾರಿಗಳಿಗೆ ಗೊತ್ತಿರಲಿ.

ಮಿಂಚೋ ನನಗೆ ಹಿಡಿಸಿದ್ದಕ್ಕೆ ಇನ್ನೊಂದು ಕಾರಣ ರೈಲು. ಮಾಂತೋವಾದಿಂದ ವೆರೋನಾಗೆ ಮುಕ್ಕಾಲು ಗಂಟೆ, ಅಲ್ಲಿಂದ ಪೆಸ್ಕಿಯೇರಾ ಹತ್ತಿರ. ಪ್ರಾದೇಶಿಕ ರೈಲಲ್ಲಿ ಸೈಕಲ್ಲಿಗೆ ನಾವು ಕೊಟ್ಟಿದ್ದು 3.50 ಯೂರೋ. ಮಂಡಿ ನೋವು ಬಂದ ದಿನ ಅರ್ಧದಲ್ಲೇ ತುಳಿಯೋದು ಬಿಟ್ಟರೂ ಊರು ಸೇರಬಹುದು ಅನ್ನೋ ಧೈರ್ಯ ಇರುತ್ತದೆ. ಟಸ್ಕನಿಯ ಗುಡ್ಡಗಳಲ್ಲಿ ನಮಗೆ ಆ ಧೈರ್ಯ ಇರಲಿಲ್ಲ.

ಹಾಗಾಗಿ ಮೊದಲ ಸಲ ಹೋಗುವವರಿಗೆ ಮಿಂಚೋ, ಏಪ್ರಿಲ್–ಮೇ ರಜೆ ಸಿಕ್ಕಿದರೆ ಪುಲ್ಯಾ. ಮುಂದಿನ ಸೆಪ್ಟೆಂಬರ್‌ನಲ್ಲಿ ನಾವು ಮಿಂಚೋ ಪಕ್ಕದ ಆದಿಜೆ ಕಣಿವೆಗೆ ಹೊರಟಿದ್ದೇವೆ. ಬೊಲ್ಜಾನೋದಿಂದ ವೆರೋನಾಗೆ ನದಿ ಜೊತೆಗೇ ಇಳಿಯುವ ದಾರಿ, ಸೇಬು ಕೊಯ್ಲಿನ ಕಾಲ. ಮಧ್ಯಾಹ್ನ ದಕ್ಷಿಣದಿಂದ ಎದುರುಗಾಳಿ ಏಳುತ್ತದಂತೆ. ಬೆಳಿಗ್ಗೆ ಏಳಕ್ಕೇ ಹೊರಡೋಣ ಅಂತ ನಮ್ಮವರು ಈಗಲೇ ಹೇಳಿದ್ದಾರೆ.