ಬ್ಯಾಷ್ ಶೆಲ್: ಕೈಗೆ ಹಿತ, ನೆನಪಿಗೆ ಜಿಪುಣ

ನಾವು ಟೈಪ್ ಮಾಡಿದ ಕಮಾಂಡ್‌ಗಳನ್ನು ಓದಿ ಯಂತ್ರದಿಂದ ಕೆಲಸ ಮಾಡಿಸುವ ತಂತ್ರಾಂಶವೇ ಶೆಲ್; ಅಂಥದ್ದೊಂದು ಬ್ಯಾಷ್. ಅದಕ್ಕೆ ನಾನು ಕೊಡುವ ಅಂಕ ಐದಕ್ಕೆ ನಾಲ್ಕು. ಕಡಿತವಾದ ಒಂದು ಅಂಕಕ್ಕೆ ಅದರ ಹಿಸ್ಟರಿಯೇ, ಅಂದರೆ ಹಿಂದೆ ಕೊಟ್ಟ ಕಮಾಂಡ್‌ಗಳ ನೆನಪೇ, ಹೊಣೆ. ಸಿಕ್ಕ ನಾಲ್ಕಕ್ಕೂ ಮುಕ್ಕಾಲುಪಾಲು ಅದೇ ಕಾರಣ. ಪೈಪ್, ಲೂಪ್, ಸ್ಕ್ರಿಪ್ಟ್ ಎಲ್ಲವೂ ಓದುಗರಿಗೆ ಗೊತ್ತಿರುವಂಥವು, ಆ ಮಾತು ಇಲ್ಲಿ ಬೇಡ.

ನನ್ನ ಕೆಲಸದ ಬಹುಪಾಲು ನಡೆಯುವುದು ಬೇರೆಯವರ ಸರ್ವರ್‌ಗಳಲ್ಲಿ. ಅಲ್ಲಿ ಹೊಸದೇನನ್ನೂ ಇನ್‌ಸ್ಟಾಲ್ ಮಾಡುವ ಹಾಗಿಲ್ಲ, ಇರುವುದರಲ್ಲೇ ಸಂಸಾರ ತೂಗಿಸಬೇಕು. ಹಾಗೆ ಇರುವುದು ಹೆಚ್ಚಾಗಿ ಬ್ಯಾಷ್. ಲಾಗಿನ್ ಆಗುತ್ತಲೇ ಬೆರಳು ತಾನಾಗಿಯೇ ಹಿಸ್ಟರಿಯಲ್ಲಿ ಹುಡುಕುವ ಕಂಟ್ರೋಲ್-ಆರ್ ಒತ್ತುತ್ತದೆ. ಕಡತಗಳನ್ನು ನಕಲಿಸುವ ಕಮಾಂಡ್ ‘ಆರ್‌ಸಿಂಕ್’ ಎಂದು ಪೂರ್ತಿ ಬರೆಯುವ ಮೊದಲೇ, ಹಿಂದೆಂದೋ ಆಯ್ಕೆಗಳನ್ನೆಲ್ಲ ಹೊಂದಿಸಿ ಓಡಿಸಿದ್ದ ಮಾರುದ್ದದ ಸಾಲು ಬಂದು ನಿಲ್ಲುತ್ತದೆ. ಅದಲ್ಲವೆಂದರೆ ಮತ್ತೊಮ್ಮೆ ಕಂಟ್ರೋಲ್-ಆರ್, ಅದಕ್ಕೂ ಹಿಂದಿನದು ಬರುತ್ತದೆ. ಬೇಕಾದದ್ದು ಸಿಕ್ಕರೂ ನಾನು ತಕ್ಷಣ ಎಂಟರ್ ಒತ್ತುವುದಿಲ್ಲ. ಬಲಬಾಣದ ಕೀಲಿ ಒತ್ತಿ ಸಾಲನ್ನು ಕಮಾಂಡ್ ಬರೆಯುವ ಜಾಗಕ್ಕೆ, ಅಂದರೆ ಪ್ರಾಂಪ್ಟ್‌ಗೆ, ತಂದುಕೊಂಡು, ತುದಿಯವರೆಗೆ ಕಣ್ಣು ಹಾಯಿಸಿ, ಆಮೇಲೆ ಓಡಿಸುತ್ತೇನೆ. ಕಡತಗಳನ್ನು ಅಳಿಸಿಬಿಡುವ ‘--ಡಿಲೀಟ್’ ಇರುವ ಹಳೆಯ ಸಾಲನ್ನು ಓದದೆ ಓಡಿಸುವಷ್ಟು ಧೈರ್ಯ ನನಗಿಲ್ಲ.

ಹುಡುಕುತ್ತಾ ಒಂದು ಹೆಜ್ಜೆ ಹೆಚ್ಚು ಹಿಂದೆ ಹೋದಿರೋ, ಗ್ರಹಚಾರ ಶುರು. ಮುಂದಕ್ಕೆ ಬರಲು ಕಂಟ್ರೋಲ್-ಎಸ್ ಇದೆ ಎನ್ನುತ್ತದೆ ಕೈಪಿಡಿ. ಒತ್ತಿದರೆ ಎಷ್ಟೋ ಕಡೆ ಪರದೆ ಕಲ್ಲಾಗುತ್ತದೆ. ಏನು ಟೈಪ್ ಮಾಡಿದರೂ ಉತ್ತರವಿಲ್ಲ. ಸಂಪರ್ಕವೇ ಕಡಿದುಹೋಯಿತೆಂದು ಟರ್ಮಿನಲ್ ಮುಚ್ಚಿಬಿಡುವವರನ್ನು ಕಂಡಿದ್ದೇನೆ. ನಿಜವಾಗಿ ಆಗುವುದಿಷ್ಟು: ನಿಧಾನಗತಿಯ ಟರ್ಮಿನಲ್‌ಗಳ ಕಾಲದಲ್ಲಿ ‘ತುಸು ತಡೆ’ ಎಂದು ಯಂತ್ರಕ್ಕೆ ಹೇಳಲು ಇದೇ ಕೀಲಿಯನ್ನು ಇಟ್ಟಿದ್ದರು, ಆ ಪದ್ಧತಿ ಈಗಲೂ ಜಾರಿಯಲ್ಲಿದೆ. ಕಂಟ್ರೋಲ್-ಕ್ಯೂ ಒತ್ತಿದರೆ ಪರದೆಗೆ ಜೀವ ಬರುತ್ತದೆ. ‘ಎಸ್‌ಟಿಟಿವೈ -ಐಎಕ್ಸ್‌ಒಎನ್’ ಎಂದು ಕೊಟ್ಟರೆ ಆ ತಡೆಯೇ ಇರುವುದಿಲ್ಲ.

ಇದನ್ನಾದರೂ ಕ್ಷಮಿಸಬಹುದು. ಜಿಪುಣತನವನ್ನು ಹೇಗೆ ಕ್ಷಮಿಸುವುದು? ನಾವು ಬೇರೇನೂ ಹೇಳದಿದ್ದರೆ ಬ್ಯಾಷ್ ನೆನಪಿಟ್ಟುಕೊಳ್ಳುವುದು ಕೇವಲ 500 ಸಾಲು. ಡಿಸ್ಕ್‌ನಲ್ಲಿ ಜಾಗಕ್ಕೆ ಬರವಿಲ್ಲದ ಈ ಕಾಲದಲ್ಲೂ! ಆ ಸಾಲುಗಳನ್ನಾದರೂ ಕಡತಕ್ಕೆ ಬರೆಯುವುದು ಶೆಲ್ ಮುಚ್ಚುವಾಗ ಮಾತ್ರ. ಪಕ್ಕದ ಟರ್ಮಿನಲ್‌ನಲ್ಲಿ ಈಗಷ್ಟೇ ಕೊಟ್ಟ ಕಮಾಂಡ್ ಈ ಟರ್ಮಿನಲ್‌ಗೆ ಗೊತ್ತೇ ಇರುವುದಿಲ್ಲ. ಯಂತ್ರದ ವಿದ್ಯುತ್ ಥಟ್ಟನೆ ಹೋದರೆ ಬೆಳಗಿನಿಂದ ದುಡಿದದ್ದೆಲ್ಲ ಮರೆತುಹೋಗುತ್ತದೆ. ಕೆಲಸ ಮುಗಿದಿರುತ್ತದೆ, ಹೇಗೆ ಮುಗಿಸಿದೆವು ಎಂಬುದಕ್ಕೆ ದಾಖಲೆ ಇರುವುದಿಲ್ಲ.

ಮದ್ದು ಇದೆ, ಕಾಸು ಖರ್ಚಿಲ್ಲ. ಬ್ಯಾಷ್ ಶುರುವಾಗುವಾಗ ಓದುವ ‘.ಬ್ಯಾಷ್‌ಆರ್‌ಸಿ’ ಕಡತದಲ್ಲಿ, ಹಿಸ್ಟರಿಯ ಮಿತಿ ಹೇಳುವ ಹಿಸ್ಟ್‌ಸೈಜ್, ಹಿಸ್ಟ್‌ಫೈಲ್‌ಸೈಜ್ ಎರಡಕ್ಕೂ -1 ಕೊಡಿ. 4.3ನೇ ಆವೃತ್ತಿಯಿಂದೀಚೆಗೆ ಅದರರ್ಥ ಮಿತಿಯೇ ಇಲ್ಲ ಎಂದು. ಪ್ರತಿ ಪ್ರಾಂಪ್ಟ್‌ಗೂ ಮುನ್ನ ಓಡುವ ‘ಪ್ರಾಂಪ್ಟ್_ಕಮಾಂಡ್’ಗೆ ‘ಹಿಸ್ಟರಿ -ಎ’ ಸೇರಿಸಿದರೆ ಪ್ರತಿ ಸಾಲೂ ಆಗಿಂದಾಗಲೇ ಕಡತ ಸೇರುತ್ತದೆ. ಇಷ್ಟು ಮಾಡಿಕೊಂಡ ಮೇಲೆ ನನ್ನ ಸಿಟ್ಟು ಬಹುಮಟ್ಟಿಗೆ ಇಳಿಯಿತು. ಇದನ್ನೆಲ್ಲ ನಾವೇ ಏಕೆ ಹೇಳಿಕೊಡಬೇಕು ಎಂಬ ತಕರಾರು ಮಾತ್ರ ಹಾಗೇ ಇದೆ.

ಇನ್ನು ನಿರೀಕ್ಷಿಸದೆ ಸಿಕ್ಕ ಸುಖವೆಂದರೆ ಆಲ್ಟ್ ಹಿಡಿದು ಚುಕ್ಕಿ ಒತ್ತುವುದು. ‘ಎಂಕೆಡಿರ್ -ಪಿ’ ಬಳಸಿ ಐದಾರು ಹಂತದ ಫೋಲ್ಡರ್ ಮಾಡುತ್ತೇನೆ. ನಂತರ ಅದರೊಳಗೆ ಹೋಗಲು ‘ಸಿಡಿ’ ಎಂದು ಬರೆದು, ಜಾಗ ಬಿಟ್ಟು, ಆಲ್ಟ್-ಚುಕ್ಕಿ. ಹಿಂದಿನ ಸಾಲಿನ ಕೊನೆಯ ಪದ, ಅಂದರೆ ಆ ಇಡೀ ವಿಳಾಸ, ಕರ್ಸರ್ ಇದ್ದಲ್ಲಿಗೆ ಬಂದು ಕೂರುತ್ತದೆ. ಮತ್ತೆ ಒತ್ತಿದರೆ ಅದಕ್ಕೂ ಹಿಂದಿನ ಸಾಲಿನದು. ದಿನಕ್ಕೆ ಲೆಕ್ಕವಿಲ್ಲದಷ್ಟು ಸಲ ಇದನ್ನು ಮಾಡುತ್ತೇನೆ, ಪ್ರತಿ ಸಲವೂ ಸಣ್ಣದೊಂದು ಖುಷಿ. ಬರೆಯುತ್ತಿರುವ ಸಾಲು ಕೈಮೀರಿ ಬೆಳೆದರೆ ಕಂಟ್ರೋಲ್-ಎಕ್ಸ್, ಕಂಟ್ರೋಲ್-ಇ ಒತ್ತಿದರಾಯಿತು, ಅದು ಎಡಿಟರ್‌ನಲ್ಲಿ ತೆರೆದುಕೊಳ್ಳುತ್ತದೆ.

ಸ್ವಂತ ಯಂತ್ರದಲ್ಲಷ್ಟೇ ಕೆಲಸ ಮಾಡುವವರು ಫಿಶ್ ಎಂಬ ಇನ್ನೊಂದು ಶೆಲ್ ಹಾಕಿಕೊಳ್ಳುವುದೇ ಲೇಸು. ಟೈಪ್ ಮಾಡುತ್ತಿರುವಾಗಲೇ ಹಳೆಯ ಸಾಲನ್ನು ಅದು ಮಸುಕಾಗಿ ತೋರಿಸುತ್ತದೆ, ಕೇಳುವ ಶ್ರಮವೂ ಇಲ್ಲ. ನನ್ನಂತೆ ಊರೂರು ಸರ್ವರ್ ಸುತ್ತುವವರಿಗೆ ಬ್ಯಾಷ್ ಸಾಕು. ಆದರೆ ಮಿತಿ ತೆಗೆದ ಮೇಲೆ ಅದು ಏನನ್ನೂ ಮರೆಯುವುದಿಲ್ಲ, ಪಾಸ್‌ವರ್ಡ್ ಇರುವ ಸಾಲನ್ನೂ. ಅದಕ್ಕೇ ‘ಹಿಸ್ಟ್‌ಕಂಟ್ರೋಲ್’ಗೆ ‘ಇಗ್ನೋರ್‌ಸ್ಪೇಸ್’ ಕೊಟ್ಟಿಡಿ. ಸ್ಪೇಸ್‌ನಿಂದ ಶುರುವಾಗುವ ಸಾಲನ್ನು ಆಗ ಅದು ಬರೆದಿಟ್ಟುಕೊಳ್ಳುವುದಿಲ್ಲ.